ಫಿಲ್ಮಿನ ಮೇಲಿನ ದುಂಡು ಮಚ್ಚೆ

ಡಾಕ್ಟರ್ ತ್ರ್ಯಂಬಕರಾವ್ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಗೌರಕ್ಕನ ಕಡೆ ನೋಡದೆ, ಅವಳ ಅಪ್ಪ ಮಡಿವಾಳಪ್ಪನಿಗೆ ಹೇಳಿದರು: “ಎಡಗಡೆ ಶ್ವಾಸಕೋಶದ ಮ್ಯಾಲ ಒಂದು ದುಂಡನ ಬಿಳಿ ಮಚ್ಚಿ ಅದ. ಕ್ಷಯಾನೋ ಗಂಟೋ ಈಗಲೇ ಹೇಳಲಿಕ್ಕೆ ಆಗೂದಿಲ್ಲ. ನೌಕರಿಗೆ ಫಿಟ್ ಅಂತ ನಾ ಬರ್ಯಾಂಗಿಲ್ಲ.”

ಮರುದಿನ ಅವಳು ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಣಿಯಾಗಿ ಹಾಜರಾಗಬೇಕಿತ್ತು. ಸರ್ಟಿಫಿಕೇಟು ಇಲ್ಲದಿದ್ದರೆ ಆ ಜಾಗ ಬೇರೆಯವರ ಪಾಲು. ಹತ್ತಿ ಪೇಟೆಯಲ್ಲಿ ದನಿ ಎತ್ತಿಯೇ ಮಾತಾಡುವ ಮಡಿವಾಳಪ್ಪ ಪಿಸುಗುಟ್ಟಿದ: “ಆಕಿಗೆ ಒಂದಿನ ಕೆಮ್ಮು ಸೈತ ಬಂದಿಲ್ರಿ.” ಎಕ್ಸ್‌ರೇಗೆ ನಿಲ್ಲುವ ಮುಂಚೆ ಮಗಳು ತೆಗೆದುಕೊಟ್ಟ ಸರ, ಬಳೆ, ಬೆಳ್ಳಿಯ ಕರಡಿಗೆ ಅವನ ಮುಷ್ಟಿಯಲ್ಲಿದ್ದವು.

ಗೌರಕ್ಕ ಕತ್ತೆತ್ತಿ ಫಿಲ್ಮು ನೋಡಿದಳು. ಪಕ್ಕೆಲುಬುಗಳ ಸಾಲಿನ ಮೇಲೆ, ಯಾರೋ ತಂದಿಟ್ಟ ಹಾಗೆ, ಆ ಮಚ್ಚೆ. ಆ ದುಂಡನ್ನು ಅವಳು ದಿನಾ ಬೆಳಿಗ್ಗೆ ಕಂಡಿದ್ದಳು. ಆದರೆ ಹೇಳುವುದು ಹೇಗೆ? ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಬೆರಳೆತ್ತಿ ಸುಮ್ಮನಾಗುತ್ತಿದ್ದವಳು ಅವಳು.

“ಅದು ರೋಗ ಅಲ್ರಿ,” ಅಂದಳು. ದನಿ ಮತ್ಯಾರದೋ ಅನ್ನಿಸಿತು. “ಅದು ನನ್ನ ಇಷ್ಟಲಿಂಗ.”

ಡಾಕ್ಟರು ಮೊದಲ ಸಲ ಅವಳತ್ತ ತಿರುಗಿದರು. “ಲಿಂಗ ಕರಡಿಗ್ಯಾಗ ಇರ್ತದಲ್ಲ? ಕರಡಿಗಿ ನಿಮ್ಮಪ್ಪನ ಕೈಯಾಗದ.”

“ಬೆಳ್ಳಿ ಅಂತ ಕರಡಿಗಿ ತಗದೆ. ಲಿಂಗ ಅರಿವ್ಯಾಗ ಸುತ್ತಿ ಕುಪ್ಪಸದಾಗ ಇಟ್ಕೊಂಡೇನ್ರಿ.”

“ಎಲ್ಲಾ ತಗದ ನಿಲ್ರಿ ಅಂತ ಹೇಳಿದ್ವಿ.”

“ಒಡವಿ ತಗೀರಿ ಅಂದ್ರಿ. ಅದು ಒಡವಿ ಅಲ್ರಿ.”

ಡಾಕ್ಟರು ಫಿಲ್ಮು ಕೆಳಗಿಟ್ಟರು. “ಆತು. ಅದನ್ನ ಇಲ್ಲಿಟ್ಟು ಇನ್ನೊಮ್ಮೆ ನಿಲ್ರಿ.”

ಮಡಿವಾಳಪ್ಪನ ಪೇಟೆಯ ದನಿ ತಿರುಗಿ ಬಂತು. “ಮೈ ಬಿಟ್ಟು ಲಿಂಗ ಇಡಾಂಗಿಲ್ರಿ ಡಾಕ್ಟರ್ ಸಾಹೇಬ್ರ. ನೌಕರಿ ಹೋದ್ರ ಹೋತು, ನಡಿಯವಾ.”

ಅವಳು ಏಳಲಿಲ್ಲ. “ಅಪ್ಪಾ, ಪೂಜಿಗೆ ಕುಂತಾಗ ಲಿಂಗ ಎಲ್ಲಿರತೈತಿ?”

“ಎಡಗೈಯಾಗ.”

“ಕೈ ಅಂದ್ರ ಮೈ ಅಲ್ಲೇನು?”

ಮಡಿವಾಳಪ್ಪ ತನ್ನ ಎಡಗೈ ನೋಡಿಕೊಂಡು, “ಹೂಂ,” ಅಂದ. ಡಾಕ್ಟರು ನಗು ತಡೆಯಲು ಕನ್ನಡಕ ಒರೆಸಿಕೊಂಡರು.

ಕತ್ತಲ ಕೋಣೆಯಲ್ಲಿ ತಣ್ಣನೆಯ ಎಕ್ಸ್‌ರೇ ಹಲಗೆಗೆ ಎದೆಯೊತ್ತಿ ನಿಂತು ಅವಳು ಎಡಗೈಯನ್ನು ದೂರಕ್ಕೆ ಚಾಚಿದಳು. ಅಂಗೈಯಲ್ಲಿ ಲಿಂಗ. “ಉಸಿರು ಹಿಡೀರಿ,” ಅಂದರು ಡಾಕ್ಟರು. ಹಿಡಿದಳು. ಹೊರಗೆ ಮಡಿವಾಳಪ್ಪನೂ ಹಿಡಿದ. ಫಿಲ್ಮು ತೊಳೆದು ಬರುವ ತನಕ ಅವನು ಉಸಿರು ಸರಿಯಾಗಿ ಬಿಟ್ಟಂತೆ ಕಾಣಲಿಲ್ಲ.

ನೀರು ತೊಟ್ಟಿಕ್ಕುವ ಫಿಲ್ಮಿನ ಮೇಲೆ, ಮಚ್ಚೆ ಇದ್ದ ಜಾಗದಲ್ಲಿ ಡಾಕ್ಟರು ಬೆರಳಾಡಿಸಿದರು. ಸ್ವಚ್ಛ. “ಏನೂ ಇಲ್ಲ. ಛಲೋ ಅದ,” ಎಂದು ಸಹಿ ಹಾಕಿ, ಸರ್ಟಿಫಿಕೇಟನ್ನು ಅಪ್ಪನ ಕಡೆ ಚಾಚಿದವರು ಕೈ ತಿರುಗಿಸಿ ಅವಳಿಗೇ ಕೊಟ್ಟರು.

ದೇಶಪಾಂಡೆ ನಗರದ ಮನೆಗೆ ಟಾಂಗಾ ಹೊರಟಿತು. ಗೌರಕ್ಕ ಮಾತಾಡತೊಡಗಿದಳು. ನಾಳೆ ಯಾವ ಸೀರೆ, ಮೊದಲು ಯಾವ ಪಾಠ, ಹಿಂದಿನ ಸಾಲಿನ ಹುಡುಗಿಯರು ಗದ್ದಲ ಹಾಕಿದರೆ ಏನು ಮಾಡುವುದು. ಟಾಂಗಾದವನು ಎರಡು ಸಲ ತಿರುಗಿ ನೋಡಿದ. ಅವಳು ನಿಲ್ಲಿಸಲಿಲ್ಲ.

ಮನೆಯ ತಿರುವಿನಲ್ಲಿ ಮಡಿವಾಳಪ್ಪ ನಿಧಾನವಾಗಿ ಅಂದ: “ಅಲ್ಲವಾ, ಇಷ್ಟೆಲ್ಲಾ ಮಾತು ಒಳಗ ಇದ್ದುವು. ಎರಡು ಸಲ ಫೋಟೋ ತಗದ್ರೂ ಆ ಮಶೀನಿಗೆ ಒಂದೂ ಕಾಣಲಿಲ್ಲ ನೋಡು.”