ಹಿಡಿಯಕ್ಕನ ಬ್ಯಾಗು

"ಯಾರಿಗಾದ್ರೂ ಉಡುಗೊರೆಗಾ ಮೇಡಂ?" ಎಂದು ಅಂಗಡಿಯ ಹುಡುಗಿ ಕೇಳಿದಳು.

"ಅಲ್ಲಮ್ಮ, ನಂಗೇ," ಎಂದಳು ಹಿಡಿಯಕ್ಕ. ಎಂದವಳೇ ಗಾಜಿನ ಮೇಜಿನ ಮೇಲಿದ್ದ ಕಪ್ಪು ಬ್ಯಾಗನ್ನೆತ್ತಿ, ಹಿಡಿಯನ್ನು ಕಿವಿಯ ಹತ್ತಿರ ತಂದು ಬಗ್ಗಿಸಿದಳು. ಅಂಚಿಗೆ ಬಳಿದ ಬಣ್ಣ ಬಿರಿಯುವ ಸದ್ದು ಬರುತ್ತದೋ ಎಂದು ಆಲಿಸಿದಳು. ಉಗುರಿನ ತುದಿಯಲ್ಲಿ ಹೊಲಿಗೆ ಎಣಿಸಿದಳು. "ಇದು ಬೇಡ. ಸೋಮವಾರ ಬೆಳಿಗ್ಗೆ ಹೊಲಿದದ್ದು. ಹೊಲಿದವಳಿಗೆ ಇನ್ನೂ ನಿದ್ದೆ ಬಿಟ್ಟಿರಲಿಲ್ಲ." ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು.

ಅವಳಿಗೇನು ಗೊತ್ತು, ಪಾಪ! ಈ ಕಂಪನಿಯ ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಬ್ಯಾಗುಗಳಿಗೆ ಹಿಡಿ ಹೊಲಿದ ಕೈ ಅದು. ಅದಕ್ಕೇ ಎಲ್ಲರ ಬಾಯಲ್ಲೂ ಹಿಡಿಯಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ. ಹೋದ ವಾರ ನಿವೃತ್ತಿಯಾಗಿತ್ತು. ಇವತ್ತು ತಂಗಿಯನ್ನು ಕರೆದುಕೊಂಡು ನೇರ ಇಲ್ಲಿಗೇ ಬಂದಿದ್ದಳು. ತಂಗಿಯ ಬಾಯಿಗೆ ಮಾತ್ರ ದಾರಿಯುದ್ದಕ್ಕೂ ಬಿಡುವಿರಲಿಲ್ಲ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ನೋಡು. ಇಷ್ಟು ದುಡ್ಡಲ್ಲಿ ಮನೆಗೆಲ್ಲ ಬಣ್ಣ ಹೊಡಿಸಬಹುದಿತ್ತು. ನಿನ್ನ ಕೈಯಲ್ಲಿ ಈಗಿರೋ ಚೀಲಕ್ಕೇನಾಗಿದೆ?"

ಏನೂ ಆಗಿರಲಿಲ್ಲ. ಅದು ಕಾರ್ಖಾನೆಯವರೇ ಕೊಟ್ಟ ಪ್ಲಾಸ್ಟಿಕ್ ಚೀಲ, ಗಟ್ಟಿಮುಟ್ಟಾಗಿತ್ತು. ಆದರೆ ಒಳಗಿದ್ದದ್ದೆಲ್ಲ ಆರಪಾರ ಕಾಣುವಂಥದ್ದು. ಚರ್ಮದ ಚೂರನ್ನು ಯಾರೂ ಕದ್ದೊಯ್ಯಬಾರದಲ್ಲ, ಅದಕ್ಕೇ ಕೆಲಸದವರೆಲ್ಲರಿಗೂ ಅಂಥದ್ದೇ. ಅಷ್ಟು ಸಾಲದೆಂದು ಸಂಜೆ ಗೇಟಿನಲ್ಲಿ ಬಾಯಿ ಅಗಲಿಸಿ ಎತ್ತಿ ತೋರಿಸಬೇಕು. ಊಟದ ಡಬ್ಬಿ, ಬಾಚಣಿಗೆ, ತಿಂಗಳ ಬಟ್ಟೆ, ಗುಳಿಗೆ, ಎಲ್ಲವೂ ಊರಿಗೇ ಪ್ರದರ್ಶನ. ಹಿಡಿಯಕ್ಕನಿಗೆ ಶುಗರ್ ಬಂದದ್ದು ಮನೆಯವರಿಗಿಂತ ಮೊದಲು ಗೇಟಿನವನಿಗೆ ತಿಳಿದಿತ್ತು. "ಏನಕ್ಕಾ, ಮಾತ್ರೆ ಜಾಸ್ತಿ ಆಗಿದೆ?" ಎಂದು ಅವನು ಸಾಲಿನ ಮುಂದೆಯೇ ಕೇಳಿದ ದಿನ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಲೋಕದ ಹೆಂಗಸರ ಗುಟ್ಟು ಕಾಯುವ ಬ್ಯಾಗು ಹೊಲಿಯುವವಳಿಗೆ ತನ್ನದೊಂದು ಗುಟ್ಟಿಗೆ ಜಾಗವಿರಲಿಲ್ಲ. ಅಂದೇ ನಿಶ್ಚಯಿಸಿದ್ದಳು: ಕೊಳ್ಳುವುದಾದರೆ ಈ ಕಂಪನಿಯ ಬ್ಯಾಗನ್ನೇ ಕೊಳ್ಳಬೇಕು, ಅದರಲ್ಲೇನಿದೆ ಎಂದು ಕೇಳುವ ಹಕ್ಕು ಯಾವನಿಗೂ ಇರಬಾರದು.

"ಹಾಗಾದ್ರೆ ಇದನ್ನ ನೋಡಿ ಮೇಡಂ," ಹುಡುಗಿ ಒಳಗಿನಿಂದ ಒಂದು ಪೆಟ್ಟಿಗೆ ತಂದು, ದೇವರ ಪಟ ಬಿಚ್ಚುವಷ್ಟು ಭಕ್ತಿಯಿಂದ ತೆರೆದಳು. "ಈ ವರ್ಷದ ಹೊಸ ಫ್ಯಾಷನ್. ನಮ್ಮಲ್ಲಿರೋದೇ ಎರಡು."

ಆರಪಾರ ಕಾಣುವ ಪ್ಲಾಸ್ಟಿಕ್ ಬ್ಯಾಗು! ಹಿಡಿ ಮಾತ್ರ ಚರ್ಮದ್ದು. ಹಿಡಿಯಕ್ಕ ಒಮ್ಮೆ ಅದನ್ನು ನೋಡಿದಳು, ಒಮ್ಮೆ ತನ್ನ ಚೀಲವನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ನಂಗೆ ಇಪ್ಪತ್ತಮೂರು ವರ್ಷ ಪುಕ್ಕಟೆ ಕೊಟ್ರು ಕಣಮ್ಮ! ಒಳಗಿಡು, ಒಳಗಿಡು. ಏನೂ ಕಾಣದೇ ಇರೋದು ಕೊಡು."

ಆರನೆಯದು ಕಂದು ಬಣ್ಣದ್ದು. ಹಿಡಿ ಬಗ್ಗಿಸಿದಾಗ ಸದ್ದಿಲ್ಲ. ಹೊಲಿಗೆ ಒಂದರ ಹಿಂದೊಂದು, ಒಂದೇ ಓರೆ, ಎಲ್ಲೂ ಎಡವಿಲ್ಲ. ಕೊನೆಯ ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗಲಿಲ್ಲ. ಹಿಡಿಯಕ್ಕನ ಎದೆಯುಬ್ಬಿತು. "ಗಂಟು ಹೀಗೆ ಮರೆಸೋಳು ಅಲ್ಲಿ ಒಬ್ಳೇ," ಎಂದಳು.

"ಯಾರು ಮೇಡಂ?"

"ನಿನ್ನೆದುರಿಗೇ ನಿಂತಿದಾಳೆ. ಬಿಲ್ ಹಾಕು."

ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದ ತಂಗಿಯೂ ಹತ್ತಿರ ಬಂದು ಆ ಹಿಡಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. "ಇದು ನೀನು ಹೊಲಿದದ್ದಾ ಅಕ್ಕಾ?" ಎಂದಳು, ದನಿ ಸ್ವಲ್ಪ ತಗ್ಗಿಸಿ. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಅಕ್ಕ ದುಡ್ಡು ಕೊಟ್ಟು, ಇಬ್ಬರಿಗೂ ಬೆನ್ನು ತಿರುಗಿಸಿ, ಒಂದೊಂದೇ ಸಾಮಾನನ್ನು ಹೊಸ ಬ್ಯಾಗಿಗೆ ಸೇರಿಸುವಾಗ ತಂಗಿ ಕೊಕ್ಕರೆಯ ಹಾಗೆ ಕತ್ತು ಚಾಚಿದಳು. "ಅದೇನದು ಕಾಗದದಲ್ಲಿ ಸುತ್ತಿದ್ದು? ನಂಗೂ ಹೇಳಬಾರ್ದಾ?"

"ಹೇಳಲ್ಲ ಹೋಗೇ," ಎಂದಳು ಹಿಡಿಯಕ್ಕ, ರಾಣಿಯ ಗತ್ತಿನಲ್ಲಿ. ಖಾಲಿ ಪ್ಲಾಸ್ಟಿಕ್ ಚೀಲವನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು. ಬ್ಯಾಗನ್ನು ಮೊಣಕೈಗೆ ನೇತುಹಾಕಿಕೊಂಡು, ತಲೆಯೆತ್ತಿ ಬಾಗಿಲ ಕಡೆ ನಡೆದಳು.

ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ ನಿಂತಿದ್ದ. ಅವನನ್ನು ಕಂಡದ್ದೇ ತಡ, ಹಿಡಿಯಕ್ಕನ ಕಾಲು ತಾನಾಗಿಯೇ ನಿಂತಿತು. ಕೈ ತಾನಾಗಿಯೇ ಕೊಂಡಿ ಬಿಚ್ಚಿತು. ಎರಡೂ ಕೈಯಲ್ಲಿ ಬ್ಯಾಗಿನ ಬಾಯಿ ಅಗಲಿಸಿ ಅವನ ಮುಖದ ಮುಂದೆ ಎತ್ತಿ ಹಿಡಿದಳು. ತಂಗಿಗೆ ಇದೊಳ್ಳೆ ಸಮಯ. ಅವಳೂ ಇಣುಕಲು ಬಂದಳು.

ಕಾವಲುಗಾರ ಗಾಬರಿಯಾಗಿ ಮುಖ ಪಕ್ಕಕ್ಕೆ ತಿರುಗಿಸಿದ. "ಅಯ್ಯೋ, ಮುಚ್ಚಿ ಅಮ್ಮಾ! ನಿಮ್ಮ ಬ್ಯಾಗು ನಾನ್ಯಾಕೆ ನೋಡ್ಲಿ?"

ಹಿಡಿಯಕ್ಕ ಬ್ಯಾಗನ್ನು ಮೆಲ್ಲಗೆ ಕೆಳಗಿಳಿಸಿದಳು. ಕಣ್ಣು ತುಂಬಿ ಬಂತು, ಅದರ ಮೇಲೆ ನಗುವೂ ಬಂತು. ಕೊಂಡಿಯನ್ನು ಟಕ್ಕೆಂದು ಹಾಕಿದಳು.

"ಇನ್ನೊಂದ್ಸಲ ಹೇಳಪ್ಪ," ಎಂದಳು. "ಸ್ವಲ್ಪ ಜೋರಾಗಿ. ನನ್ನ ತಂಗಿಗೂ ಕೇಳಿಸ್ಲಿ."