ಜೂನ್ ಒಂದರ ಒಳಗೆ

ನಗಬೇಡಿ... ಆ ಮಗು ಇನ್ನೂ ಹುಟ್ಟಿರಲೇ ಇಲ್ಲ, ಆಗಲೇ ಅದಕ್ಕೆ ನರ್ಸರಿ ಸೀಟು ನಿಗದಿಯಾಗಿತ್ತು!

ಹಾಸನದ ರಂಜಿತಾಗೆ ಆಗ ಎಂಟು ತಿಂಗಳು. ಗಂಡ ಲೋಹಿತ್ ಕೆಲಸ ಮಾಡುವ ಕಂಪನಿಯ ಮಾಲೀಕರು ಹೆಸರುವಾಸಿ ಶಾಲೆಯೊಂದರ ಕಮಿಟಿಯಲ್ಲಿದ್ದರು. "ಈಗ್ಲೇ ಅರ್ಜಿ ಹಾಕ್ಬಿಡಿ, ಒಂದು ಸೀಟು ನನ್ನ ಜವಾಬ್ದಾರಿ" ಎಂದಿದ್ದರು.

ಒಂದೇ ಒಂದು ತೊಡಕು...

ಆ ಬ್ಯಾಚಿಗೆ ಸೇರಬೇಕಾದರೆ ಮಗು ಜೂನ್ ಒಂದರೊಳಗೆ ಹುಟ್ಟಿರಬೇಕು. ಒಂದು ದಿನ ದಾಟಿದರೂ ಮುಂದಿನ ವರ್ಷ. ಅಷ್ಟರಲ್ಲಿ ಮಾಲೀಕರು ಕಮಿಟಿಯಲ್ಲಿ ಇರುತ್ತಾರೋ ಇಲ್ಲವೋ!

ಡಾಕ್ಟರ್ ಕೊಟ್ಟಿದ್ದ ತಾರೀಖು ಜೂನ್ ಇಪ್ಪತ್ತು.

ಲೋಹಿತ್ ಮತ್ತು ಅವನ ತಾಯಿ ಭಾಗ್ಯಮ್ಮ ಸೇರಿ ಒಂದು ಉಪಾಯ ಹುಡುಕಿದರು. ಮೇ ಕೊನೆಗೆ ಸಿಸೇರಿಯನ್ ಮಾಡಿಸಿಬಿಡುವುದು...

"ಹೆಂಗೂ ಈಗ ಎಲ್ರಿಗೂ ಆಪರೇಷನ್ನೇ ಅಲ್ವೇನೇ? ಸ್ವಲ್ಪ ಮುಂಚೆ ಆದ್ರೆ ಏನಾಗುತ್ತೆ? ಮಗೂಗೆ ಒಂದು ವರ್ಷ ಉಳಿಯುತ್ತೆ" ಎಂದರು ಭಾಗ್ಯಮ್ಮ.

ಜೋಯಿಸರು ಪಂಚಾಂಗ ನೋಡಿ, ಮೇ ಇಪ್ಪತ್ತೊಂಬತ್ತಕ್ಕೆ ಒಳ್ಳೆಯ ನಕ್ಷತ್ರವಿದೆ ಎಂದರು. ಅಲ್ಲಿಗೆ ದೇವರ ಒಪ್ಪಿಗೆಯೂ ಸಿಕ್ಕಂತಾಯಿತು!

ರಂಜಿತಾ ತವರಿಗೆ ಫೋನ್ ಮಾಡಿದಳು. ಅಮ್ಮ ಹೇಳಿದ್ದು ಇಷ್ಟೇ... "ಹೊಂದ್ಕೊಂಡು ಹೋಗವ್ವ. ಅವ್ರೇನು ಕೆಟ್ಟದ್ದಕ್ಕೆ ಹೇಳ್ತಾರಾ?"

ಅದೇ ನೋಡಿ ಕಷ್ಟ. ಕೆಟ್ಟದ್ದು ಬಯಸುವವರ ಹತ್ತಿರ ಜಗಳವಾಡಬಹುದು. ಬೆಳಗ್ಗೆ ಎಳನೀರು ಕೊಟ್ಟು, ಸಂಜೆ ಊದಿದ ಕಾಲಿಗೆ ಎಣ್ಣೆ ಹಚ್ಚುವ ಅತ್ತೆಯ ಹತ್ತಿರ ಯಾವ ಬಾಯಲ್ಲಿ ಜಗಳವಾಡುವುದು?

"ನಂಗೆ ಭಯ ಆಗ್ತಿದೆ ರೀ" ಎಂದು ಗಂಡನಿಗೆ ಒಮ್ಮೆ ಹೇಳಿನೋಡಿದಳು.

"ಆಪರೇಷನ್ ಅಂದ್ರೆ ಎಲ್ರಿಗೂ ಭಯಾನೇ ಕಣೇ" ಎಂದು ಅವನು ನಕ್ಕುಬಿಟ್ಟ.

ಅವಳಿಗೆ ಆಪರೇಷನ್ನಿನ ಭಯ ಇರಲಿಲ್ಲ... ಮಗು ಇನ್ನೂ ತಯಾರಾಗಿಲ್ಲ ಅನಿಸುತ್ತಿತ್ತು. ಆದರೆ ಅವಳಿಗೆ ಏನನಿಸುತ್ತದೆ ಎಂದು ಕೇಳುವವರು ಯಾರಿದ್ದರು? ಮನೆಯ ನಾಲ್ಕು ಗೋಡೆ ದಿನದಿನಕ್ಕೂ ಹತ್ತಿರ ಬಂದ ಹಾಗಾಗುತ್ತಿತ್ತು.

ತಾರೀಖು ನಿಗದಿ ಮಾಡಲು ಮೂವರೂ ಆಸ್ಪತ್ರೆಗೆ ಹೋದರು. ಲೋಹಿತ್ ಚೀಟಿ ಮಾಡಿಸಲು ಕೌಂಟರಿನ ಹತ್ತಿರ ನಿಂತ. ಅತ್ತೆ ಸೊಸೆ ಬೆಂಚಿನ ಮೇಲೆ ಕೂತರು.

ಪಕ್ಕದಲ್ಲೊಬ್ಬ ಅಜ್ಜಿ. ಎದುರಿಗಿದ್ದ ಎಳೆಮಕ್ಕಳ ಐಸಿಯುವಿನ ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು. ಕೈಯಲ್ಲಿ ಉಲ್ಲನ್ನಿನ ಪುಟ್ಟ ಟೋಪಿ... ನಿಂಬೆಹಣ್ಣಿಗೆ ತೊಡಿಸುವಷ್ಟು ಚಿಕ್ಕದು.

"ಒಳಗೆ ಯಾರಿದ್ದಾರೆ ಅಜ್ಜಿ?" ರಂಜಿತಾ ಕೇಳಿದಳು.

"ನನ್ನ ಮೊಮ್ಮಗಳು ಕಣವ್ವ. ನನ್ನ ಮಗಳಿಗೆ ಬೀಪಿ ಏರೋಯ್ತು. ಏಳು ತಿಂಗಳಿಗೇ ಮಗು ತೆಗೀಲೇಬೇಕಾಯ್ತು. ಕೂಸಿಗೆ ಉಸ್ರಾಡೋದೇ ಮರ್ತೋಯ್ತದಂತೆ... ನರ್ಸಮ್ಮ ಪಾದ ತಟ್ಟಿ ತಟ್ಟಿ ಗ್ಯಾಪಕ ಮಾಡ್ತಾರೆ."

ರಂಜಿತಾಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ನಿಂಗೆ ಯಾವಾಗವ್ವ?"

"ಜೂನ್ ಇಪ್ಪತ್ತು... ಆದ್ರೆ ಈ ತಿಂಗಳೇ ತೆಗೆಸ್ಬೇಕು ಅಂತ."

ಅಜ್ಜಿಗೆ ಗಾಬರಿಯಾಯಿತು. "ಅಯ್ಯೋ ಶಿವ್ನೇ! ನಿಂಗೂ ಬೀಪಿಯಾ? ಕೂಸಿಗೇನು ತೊಂದ್ರೆ ಐತವ್ವ?"

ರಂಜಿತಾ ಅತ್ತೆಯ ಮುಖ ನೋಡಿದಳು.

ಭಾಗ್ಯಮ್ಮ ಸೆರಗು ಸರಿಮಾಡಿಕೊಂಡರು... ಮನೆಯಲ್ಲಿ ಎಷ್ಟು ಸಲೀಸಾಗಿ ಹೇಳುತ್ತಿದ್ದ ಮಾತು! ಆ ಬೆಂಚಿನ ಮೇಲೆ ಹೇಳಲು ನಾಚಿಕೆಯಾಯಿತು.

"ತೊಂದ್ರೆ ಏನಿಲ್ಲ... ಸ್ಕೂಲ್ ಸೀಟಿಗೆ" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

ಅಜ್ಜಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು. ಅಜ್ಜಿ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಟೋಪಿಯನ್ನು ಬೆರಳಿಗೆ ಸಿಕ್ಕಿಸಿಕೊಂಡಳು.

"ನಮ್ ಕೂಸಿಗೂ ಇನ್ನೆರಡು ತಿಂಗಳು ಒಳಗೇ ಸೀಟಿತ್ತು ಕಣವ್ವ... ನಮಗೆ ಉಳಿಸ್ಕೊಳ್ಳೋಕೆ ಆಗ್ಲಿಲ್ಲ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟರಲ್ಲಿ ಡಾಕ್ಟರ್ ಒಳಗೆ ಕರೆದರು.

ಲೋಹಿತ್ ಕೂತವನೇ ಮೇ ಇಪ್ಪತ್ತೊಂಬತ್ತು ಎಂದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕೊನೆಯ ವಾರಗಳೂ ಮಗುವಿಗೆ ಬೇಕು. ಮುಂಚೆ ತೆಗೆಯೋ ಕಾರಣ ನನಗೆ ಕಾಣ್ತಿಲ್ಲ... ರಂಜಿತಾ, ನೀವು ಹೇಳಿ."

ಇಷ್ಟು ದಿನಗಳಲ್ಲಿ ಅವಳನ್ನು ಒಬ್ಬರು ಕೇಳಿದ್ದು ಅದೇ ಮೊದಲು.

"ಜೂನ್..." ಎಂದಳು.

"ಒಂದು ವರ್ಷ ಹೋಗುತ್ತಲ್ಲೇ!" ಲೋಹಿತ್ ಸಿಡುಕಿದ.

"ಹೋದ್ರೆ ಹೋಗ್ಲಿ ಬಿಡೋ!"

ಹಾಗೆಂದವರು ಭಾಗ್ಯಮ್ಮ...

"ನೀನು ಒಂದನೇ ಕ್ಲಾಸಲ್ಲಿ ಎರಡು ವರ್ಷ ಕೂತಿದ್ದೆ. ಏನು ಮುಳುಗಿಹೋಯ್ತು? ಕೆಲಸ ಸಿಗ್ಲಿಲ್ವಾ? ಇಂಥ ಹುಡುಗಿ ಸಿಗ್ಲಿಲ್ವಾ?"

ಲೋಹಿತ್ ಹೆಂಡತಿಗೆ ಎಂದೂ ಹೇಳದಿದ್ದ ಗುಟ್ಟು ಅದು! ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ರಂಜಿತಾ ಮಾತ್ರ ನಗಲು ಹೋಗಿ ಅತ್ತುಬಿಟ್ಟಳು. ಭಾಗ್ಯಮ್ಮ ಸೆರಗಿನಿಂದ ಅವಳ ಮುಖ ಒರೆಸಿ, "ನಿನ್ನ ಒಂದು ಮಾತು ಕೇಳ್ಬೇಕಿತ್ತು ಕಣೇ... ಕೇಳ್ಲಿಲ್ಲ ನಾನು" ಎಂದರು.

ಜೂನ್ ಹದಿನೆಂಟರ ಬೆಳಗ್ಗೆ ಹೆಣ್ಣುಮಗು ಹುಟ್ಟಿತು. ತಾನೇ ದಿನ ಆರಿಸಿಕೊಂಡು ಬಂತು.

ಶಾಲೆಯ ಸೀಟು ಬೇರೆ ಯಾರದ್ದೋ ಪಾಲಾಯಿತು. ಲೋಹಿತ್‌ಗೆ ಎರಡು ದಿನ ಮುಖ ಗಂಟು... ಮೂರನೇ ದಿನ ಮಗು ಅವನ ಬೆರಳು ಹಿಡಿಯಿತು ನೋಡಿ, ಅಲ್ಲಿಗೆ ಮುಗಿಯಿತು!

ರಂಜಿತಾ ಆ ಅಜ್ಜಿಯ ಮೊಮ್ಮಗಳ ಬಗ್ಗೆ ನರ್ಸ್ ಹತ್ತಿರ ವಿಚಾರಿಸಿದಳು.

"ಹೋದ ವಾರ ಮನೆಗೆ ಹೋಯ್ತು. ಹೋಗೋವಾಗ ವಾರ್ಡೇ ಕಿತ್ತುಹೋಗೋ ಹಾಗೆ ಅತ್ತಿತು" ಎಂದು ನರ್ಸ್ ನಕ್ಕರು.

ಆ ರಾತ್ರಿ ಭಾಗ್ಯಮ್ಮ ಮೊಮ್ಮಗಳನ್ನು ಎದೆಗೆ ಒರಗಿಸಿಕೊಂಡು, ಅದರ ಉಸಿರನ್ನೇ ಕೇಳುತ್ತಾ ಕೂತಿದ್ದರು. ಯಾರೂ ಪಾದ ತಟ್ಟಬೇಕಾಗಿರಲಿಲ್ಲ.

*

ಮಗುವಿಗೆ ನಾವು ಉಳಿಸಿಕೊಡಬೇಕಾದ ಮೊದಲ ಸೀಟು... ಅದಕ್ಕೆ ಬೇಕಾದಷ್ಟು ಸಮಯ.

ನಿಮ್ಮ ಮನೆಯಲ್ಲೂ ಎಲ್ಲರೂ ಒಳ್ಳೆಯದಕ್ಕೇ ತೀರ್ಮಾನ ಮಾಡುತ್ತಿರಬಹುದು... ಆದರೆ ಯಾರೂ ಒಂದು ಮಾತು ಕೇಳದೇ ಉಳಿದವರು ಅಲ್ಲಿ ಯಾರು?