ಪೀನವೋ, ನಿಮ್ನವೋ

"ಮಿಸ್, ನಂದು ಸರಿ ಐತೆ. ನೀವು ತಪ್ಪು ಹಾಕೀರ."

ಹಿಂದಿನ ಬೆಂಚಿನ ಯೋಗೇಶ್ ಉತ್ತರ ಪತ್ರಿಕೆ ಎತ್ತಿ ಹಿಡಿದು ನಿಂತಿದ್ದ. ಇಡೀ ಹತ್ತನೇ ತರಗತಿ ಅವನತ್ತ ತಿರುಗಿತು. ಹಿರಿಯೂರಿನ ಹೆದ್ದಾರಿಯಲ್ಲಿ ಓಡುವ ಲಾರಿಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ವಿಜ್ಞಾನದ ಉಷಾರಾಣಿ ಮಿಸ್ಸಿಗೆ ಪಿತ್ತ ನೆತ್ತಿಗೇರಿತು. ಅಲ್ಲ, ಕಣ್ಣಿನ ದೋಷಗಳ ಪಾಠ ಮಾಡಿದ ದಿನ ಚಿಕ್ಕಪ್ಪನ ಜೊತೆ ಮೀನು ಹಿಡಿಯಲು ಮಾರಿಕಣಿವೆಗೆ ಹೋಗಿದ್ದ ಪುಣ್ಯಾತ್ಮ ಇವನು!

"ಏನಪ್ಪ, ಕ್ಲಾಸಿಗೇ ಬರದೋನು ನಂಗೆ ಪಾಠ ಹೇಳ್ತೀಯಾ? ದೂರದ್ದು ಕಾಣದ ಕಣ್ಣಿಗೆ ಪೀನ ಮಸೂರ ಅಂತ ಎಲ್ಲರೂ ಬರೆದವ್ರೆ. ನೀನೊಬ್ಬನೇ ನಿಮ್ನ ಮಸೂರ ಅಂತ ಬರೆದೀಯ."

"ಪಾಠ ಕೇಳಿರ್ಲಿಲ್ಲ ಮಿಸ್, ಅದ್ಕೇ ಬುಕ್ ಓದ್ದೆ. ಬುಕ್ಕಲ್ಲಿ ಹಿಂಗೇ ಐತೆ. ನೋಡ್ರಿ ಬೇಕಾದ್ರೆ."

ಯಾರೋ ಕಿಸಕ್ಕೆಂದರು. ಇವನ ಬಾಯಿ ಮುಚ್ಚಿಸಿಯೇ ಬಿಡುತ್ತೇನೆಂದು ಉಷಾರಾಣಿ ಮುಂದಿನ ಬೆಂಚಿನಿಂದ ಪುಸ್ತಕ ಎಳೆದುಕೊಂಡು ಪುಟ ತಿರುವಿದರು. ನಿಮ್ನ ಮಸೂರ. ಅಚ್ಚಾಗಿ ಕೂತಿದೆ, ಕಣ್ಣಿಗೆ ರಾಚುವ ಹಾಗೆ.

ತರಗತಿಯಲ್ಲಿ ಪುಸ್ತಕ ಹಿಡಿದು ಪಾಠ ಮಾಡಿದವರಲ್ಲ ಅವರು; ಆ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಆವತ್ತು ಪೋರ್ಷನ್ ಮುಗಿಸುವ ಅವಸರದಲ್ಲಿ ನಾಲಿಗೆ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹೇಳಿಬಿಟ್ಟಿತ್ತು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು. ತಿದ್ದುವಾಗಲಾದರೂ ಹೊಳೆಯಬೇಡವೇ? ಒಂದರ ಮೇಲೊಂದು ಪತ್ರಿಕೆಯಲ್ಲಿ ಅದೇ ಉತ್ತರ ಬಂದರೆ ಕೈ ತಾನಾಗಿಯೇ ರೈಟ್ ಹಾಕುತ್ತಾ ಹೋಗುತ್ತದೆ. ಇವನೊಬ್ಬನ ಪತ್ರಿಕೆಗೆ ಬಂದಾಗ ಅದೇ ಕೈ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದಿತ್ತು.

ಇನ್ನೇನು ಬೆಲ್ ಹೊಡೆಯಬೇಕು. 'ಆಮೇಲೆ ಸ್ಟಾಫ್ ರೂಮಿಗೆ ಬಾರಪ್ಪ' ಎಂದರೆ ಸಾಕು, ಸದ್ದಿಲ್ಲದೆ ಅವನ ಅಂಕ ಸರಿಮಾಡಿ ಮಾನ ಉಳಿಸಿಕೊಳ್ಳಬಹುದು. ಆದರೆ ಬರುವ ವಾರ ಪಬ್ಲಿಕ್ ಪರೀಕ್ಷೆ. ಅಲ್ಲಿ ಇಡೀ ತರಗತಿ ಪೀನ ಎಂದೇ ಬರೆದು ಬಂದರೆ? ಹಾಗಂತ ತಪ್ಪು ನನ್ನದು ಎಂದರೆ ಈ ಮಕ್ಕಳು ನಾಳೆಯಿಂದ ನನ್ನ ಯಾವ ಮಾತನ್ನು ತಾನೇ ನಂಬುತ್ತಾರೆ? ಯೋಗೇಶ್ ಇನ್ನೂ ನಿಂತೇ ಇದ್ದ.

"ಸುಷ್ಮಿತಾ, ನಿನ್ನ ಕನ್ನಡಕ ಕೊಡಮ್ಮ ಇಲ್ಲಿ."

ಪ್ರತಿ ಪರೀಕ್ಷೆಯಲ್ಲೂ ಮೊದಲು ಬರುವ ಹುಡುಗಿ ಸುಷ್ಮಿತಾ. ಕನ್ನಡಕ ತೆಗೆದರೆ ಅವಳಿಗೆ ಕಪ್ಪು ಹಲಗೆಯೂ ಮಸುಕು. ಉಷಾರಾಣಿ ಆ ಕನ್ನಡಕವನ್ನು ಪುಸ್ತಕದ ಮೇಲೆ ಹಿಡಿದರು.

"ಬರ್ರೋ, ಎಲ್ಲರೂ ನೋಡ್ರಿ. ಅಕ್ಷರ ಸಣ್ಣಗೆ ಕಾಣ್ತಾವಲ್ಲ? ಅಂದ್ರೆ ಇದು ನಿಮ್ನ ಮಸೂರ. ಯೋಗೇಶಂದೇ ಸರಿ. ತಪ್ಪು ಹೇಳ್ಕೊಟ್ಟೋಳು ನಾನು."

ಯಾರೂ ನಗಲಿಲ್ಲ. ಯೋಗೇಶ್ ಮಾತ್ರ ಮೆಲ್ಲಗೆ ಕುಳಿತು ತನ್ನ ಪತ್ರಿಕೆಯನ್ನು ಮಡಿಸಿಟ್ಟುಕೊಂಡ. ಅಬ್ಬಾ, ಹೇಳಿಯಾಯಿತಲ್ಲ ಎಂದು ಉಷಾರಾಣಿಗೆ ಉಸಿರು ಬಂತು. ಕನ್ನಡಕ ವಾಪಸ್ ಕೊಡುತ್ತಾ, ಮಾತು ಹಗುರ ಮಾಡಲು ಸುಷ್ಮಿತಾಳ ತಲೆ ಮೇಲೆ ಮೊಟಕಿದರು.

"ದಿನಾ ಮೂಗಿನ ಮೇಲೆ ಇಟ್ಕೊಂಡು ಓಡಾಡ್ತೀಯಲ್ಲೇ, ನಿಂಗೂ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು ಮಿಸ್."

"ಗೊತ್ತಿತ್ತಾ? ಮತ್ತೆ ಪೀನ ಅಂತ ಯಾಕೆ ಬರೆದೆ?"

ಸುಷ್ಮಿತಾ ಕನ್ನಡಕ ಹಾಕಿಕೊಂಡು, ಇದೇನು ಕೇಳುತ್ತಾರಪ್ಪ ಎಂಬಂತೆ ಅವರ ಮುಖ ನೋಡಿದಳು.

"ಪೇಪರ್ ತಿದ್ದೋರು ನೀವಲ್ವಾ ಮಿಸ್?"